ಶಾರ್ಜಾದ ಸಿಳ್ಳೆ ಬಯಲಿಗೆ ಮುಟ್ಟುವಾಗ

ಬಂಟ್ವಾಳ ತಾಲೂಕಿನ ಸಿದ್ದಕಟ್ಟೆಯ ಹತ್ತಿರ, ಕೊಯ್ಲು ಮುಗಿದ ಗದ್ದೆಯಲ್ಲಿ ನಮ್ಮ ನೆಂಟರ ಮನೆಯ ಹರಕೆಯಾಟ, ಯಕ್ಷಗಾನ ಬಯಲಾಟ. ಪ್ರಸಂಗ ಶ್ರೀದೇವಿ ಮಹಾತ್ಮೆ. ಗಂಟೆ ಒಂದೂವರೆ ದಾಟಿತ್ತು. ಈ ಪ್ರಸಂಗ ನೋಡಿದವರಿಗೆಲ್ಲ ಗೊತ್ತು, ಮಹಿಷಾಸುರ ಬಣ್ಣ ಹಚ್ಚುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಹೋಗುವವನಲ್ಲ. ಸಭೆಯ ಬೆನ್ನ ಹಿಂದಿನಿಂದ, ಗದ್ದೆಯ ಆಚೆ ತುದಿಯಿಂದ ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿ ಹಾರಿಸುತ್ತ, ಜನರ ನಡುವೆಯೇ ದಾರಿ ಮಾಡಿಕೊಂಡು ಬರುತ್ತಾನೆ. ಅಷ್ಟು ಹೊತ್ತು ಚಾಪೆಯ ಮೇಲೆ ಮುದುಡಿ ಮಲಗಿದ್ದ ಮಕ್ಕಳು ಎದ್ದು ಕೂಗುತ್ತ ಓಡುತ್ತವೆ. ದೊಡ್ಡವರು ಓಡುವುದಿಲ್ಲ, ಆದರೆ ಕುರ್ಚಿ ಸ್ವಲ್ಪ ಸರಿಸಿಕೊಳ್ಳುತ್ತಾರೆ.

ಅದೇ ಹೊತ್ತಿಗೆ ನನ್ನ ಫೋನಿನಲ್ಲಿ ಶಾರ್ಜಾದ ಭಾವ. ಅಲ್ಲಿ ಅವರು ಟಿವಿಯಲ್ಲಿ ಯೂಟ್ಯೂಬ್ ಲೈವ್ ಹಾಕಿಕೊಂಡು ಮನೆಮಂದಿಯನ್ನೆಲ್ಲ ಕೂರಿಸಿದ್ದರು. ಅದು ಸಾಲದೆಂದು ನನಗೆ ವಾಟ್ಸ್ಆ್ಯಪ್ ಕರೆ. ಬಯಲಿನ ಗದ್ದಲ ಕೇಳದಿದ್ದರೆ ಆಟ ನೋಡಿದ ಹಾಗೆ ಆಗುವುದಿಲ್ಲವಂತೆ.

"ಎಂತ ಅದು ಬೊಬ್ಬೆ? ಬಂದನಾ?"

"ಬಂದ ಭಾವ. ಅಗೋ, ಮಕ್ಕಳೆಲ್ಲ ಓಡ್ತಾ ಇದ್ದಾರೆ."

"ಹೇಳಬೇಡ ಮಾರಾಯ! ಇಲ್ಲಿ ಇನ್ನೂ ಅವನ ತಾಯಿ ಮಾಲಿನಿಯೇ ನಿಂತಿದ್ದಾಳೆ."

ಮಹಿಷ ನನ್ನ ಪಕ್ಕದಿಂದಲೇ ಹಾದು ಹೋದ. ರಾಳದ ಹೊಗೆ ಮೂಗಿಗೆ ಬಡಿದು ಹೋಯಿತು. ಅವನು ರಂಗಸ್ಥಳ ಹತ್ತಿ ಒಂದು ಸುತ್ತು ಬಂದ ಮೇಲೆ ನನ್ನ ಫೋನಿನೊಳಗೆ ಶಾರ್ಜಾದ ಮನೆ ಸಿಡಿಯಿತು. ಮಕ್ಕಳ ಕಿರುಚಾಟ, ಅಕ್ಕನ ನಗು, ಎಲ್ಲಕ್ಕಿಂತ ಮೇಲೆ ಭಾವ ಬಾಯಿಗೆ ಎರಡು ಬೆರಳಿಟ್ಟು ಹೊಡೆದ ಸಿಳ್ಳೆ. ಸುತ್ತಲಿದ್ದವರು ನನ್ನ ಕಡೆ ತಿರುಗಿ ನೋಡಿದರು. ಆ ಸಿಳ್ಳೆ ನನ್ನ ಕಿವಿಗೆ ಬಿತ್ತು, ಮಹಿಷನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೂ ಅದು ಯಾವುದಕ್ಕೆ ಹೊಡೆದ ಸಿಳ್ಳೆಯೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ — ಈ ಮೂರು ತಾಲೂಕುಗಳಲ್ಲಿ ಯಕ್ಷಗಾನ ಮೇಳ ಹೊರಟ ದಿನದಿಂದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಕ್ಯಾಮರಾ ಇಲ್ಲದ ರಾತ್ರಿ ಅಪರೂಪ. ಆಟ, ತಾಳಮದ್ದಳೆ, ಕಂಬಳ, ಜಾತ್ರೆ, ನಾಟಕ ಎಲ್ಲವೂ ಲೈವ್. ಮನೆಗೊಬ್ಬರಂತೆ ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇರುವ ಊರಿನಲ್ಲಿ ಇದು ಆಗಲೇಬೇಕಾದದ್ದು. ಆದರೆ ಈ ದಾರಿ ಏಕಮುಖ. ಬಯಲು ಶಾರ್ಜಾಕ್ಕೆ ಹೋಗುತ್ತದೆ, ಶಾರ್ಜಾ ಬಯಲಿಗೆ ಬರುವುದಿಲ್ಲ. ಸಾವಿರ ಜನ ನೋಡಿದರೂ ವೇಷಧಾರಿಯ ಮಟ್ಟಿಗೆ ಅವರು ಇಲ್ಲದವರೇ. ದೂರದವರ ನಗು, ಚಪ್ಪಾಳೆ, ಸಿಳ್ಳೆಯನ್ನು ಕಾರ್ಯಕ್ರಮ ನಡೆಯುವ ಜಾಗಕ್ಕೇ ಮುಟ್ಟಿಸುವ ತಂತ್ರಜ್ಞಾನವೊಂದು ಬೆಳೆಯುತ್ತಿದೆ. ಅದು ನಮ್ಮ ಗದ್ದೆಗೆ ಹೊಂದುತ್ತದೆಯೇ ಎನ್ನುವುದು ಇಂದಿನ ಮಾತು.

ಮೊದಲು ತಡದ ವಿಷಯ. ಅದಕ್ಕೆ ದೂರ ಕಾರಣವಲ್ಲ. ಮಂಗಳೂರಿನಿಂದ ದುಬೈ, ಶಾರ್ಜಾದ ಕಡೆಗೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ಲು ಸುತ್ತಿ ಬಳಸಿ ಹೋಗಿದೆ ಎಂದುಕೊಂಡರೂ ಹೋಗಿ ಬರುವುದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಧಾರಾಳ ಸಾಕು. ನಮ್ಮ ಬಯಲಿನಲ್ಲೇ ಐವತ್ತು ಮೀಟರ್ ಹಿಂದೆ ಕೂತವನ ಚಪ್ಪಾಳೆ ರಂಗಸ್ಥಳ ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಏಕೆಂದರೆ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ನಡೆಯುತ್ತದೆ. ಲೆಕ್ಕ ಹಿಡಿದರೆ ಶಾರ್ಜಾ ನಮ್ಮ ಕೊನೆಯ ಸಾಲಿಗಿಂತ ಹತ್ತಿರ.

ಹಾಗಿದ್ದರೆ ಭಾವನ ಟಿವಿಯಲ್ಲಿ ಮಾಲಿನಿ ಅಷ್ಟು ಹೊತ್ತು ನಿಂತದ್ದೇಕೆ? ವಾಟ್ಸ್ಆ್ಯಪ್ ಕರೆ ಮತ್ತು ಲೈವ್ ವಿಡಿಯೊ ಎರಡೂ ಇಂಟರ್ನೆಟ್ಟಿನಲ್ಲೇ ಹೋದರೂ ಹೋಗುವ ಕ್ರಮ ಬೇರೆ ಬೇರೆ. ಕರೆ ಎಂದರೆ ಅಡಿಕೆ ತೋಟದ ಕಣಿಯಲ್ಲಿ ಹರಿಯುವ ನೀರು. ದಾರಿಯಲ್ಲಿ ಒಂದಿಷ್ಟು ಇಂಗಿದರೂ ನಿಲ್ಲುವುದಿಲ್ಲ, ಉಳಿದದ್ದು ಹರಿದು ಬರುತ್ತದೆ. ಕರೆಯಲ್ಲಿ ಆಗಾಗ ಒಂದು ಅಕ್ಷರ ನುಂಗಿಹೋಗುವುದು ಇದಕ್ಕೇ. ಲೈವ್ ಎಂದರೆ ಡೈರಿಗೆ ಹೋಗುವ ಹಾಲು. ಕ್ಯಾನು ತುಂಬಬೇಕು, ಮುಚ್ಚಳ ಬೀಳಬೇಕು, ವ್ಯಾನು ಬರಬೇಕು.

ಆ ಕ್ಯಾನಿಗೂ ಅಳತೆ ಉಂಟು. ಆ್ಯಪಲ್ ಕಂಪನಿ 2009ರಲ್ಲಿ ತಂದ ಎಚ್‌ಎಲ್‌ಎಸ್ ಎಂಬ ಕ್ರಮದಲ್ಲಿ ವಿಡಿಯೊವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕಡಿದು ಕಳಿಸುತ್ತಾರೆ. 6 ಸೆಕೆಂಡಿನ ತುಂಡು ಸಾಮಾನ್ಯ. ನೆಟ್ ಕೈಕೊಟ್ಟರೆ ಚಿತ್ರ ನಿಲ್ಲಬಾರದೆಂದು ನೋಡುವವನ ಸಾಧನ ಅಂಥ ಮೂರು ತುಂಡನ್ನು ಮೊದಲೇ ಕೂಡಿಟ್ಟುಕೊಂಡರೆ, ಅಲ್ಲಿಗೇ 18 ಸೆಕೆಂಡು. ಇದು ದಡ್ಡತನವಲ್ಲ. ತುಂಡುಗಳನ್ನು ಸಾಮಾನ್ಯ ಕಡತಗಳಂತೆ ಊರೂರಿನ ಸರ್ವರುಗಳಲ್ಲಿ ನಕಲು ಮಾಡಿಟ್ಟು ಲಕ್ಷಾಂತರ ಮಂದಿಗೆ ಅಗ್ಗದಲ್ಲಿ ಹಂಚಬಹುದು. ಕರೆಯಂತೆ ಒಬ್ಬೊಬ್ಬರಿಗೂ ಬೇರೆ ಕಣಿ ತೋಡಿದರೆ ಖರ್ಚು ತಡೆಯದು. ಯೂಟ್ಯೂಬಿನಲ್ಲಿ ತಡ ಕಡಿಮೆ ಮಾಡುವ ಆಯ್ಕೆ ಇದೆ. ಹೆಚ್ಚಿನವರಿಗೆ 10 ಸೆಕೆಂಡಿನೊಳಗೆ, ಇನ್ನೂ ಬಿಗಿ ಮಾಡಿದರೆ 5 ಸೆಕೆಂಡಿನೊಳಗೆ ಮುಟ್ಟಿಸಬಹುದು. ಬಿಗಿ ಮಾಡಿದಷ್ಟೂ ಚಿತ್ರ ನಿಂತು ನಿಂತು ಬರುವ ಭಯ ಹೆಚ್ಚು. ಚಾರ್ಮಾಡಿ ಘಾಟಿಯ ಬುಡದ ಹಳ್ಳಿಗಳಲ್ಲಿ ನಾಲ್ಕು ಸಿಮ್ಮನ್ನು ಒಟ್ಟು ಹೆಣೆದು ನೆಟ್ ಎಳೆಯುವ ಲೈವ್ ಹುಡುಗರು ಆ ಗೋಜಿಗೆ ಹೋಗುವುದಿಲ್ಲ. ತಡವಾದರೆ ಯಾರೂ ಬಯ್ಯುವುದಿಲ್ಲ, ನಿಂತರೆ ಊರೆಲ್ಲ ಬಯ್ಯುತ್ತದೆ.

ಇನ್ನೊಂದು ತೊಡಕು: ತಡ ಎಲ್ಲರಿಗೂ ಒಂದೇ ಅಲ್ಲ. ಮುಂಬಯಿಯ ಅಂಧೇರಿಯವರು ಏಳು ಸೆಕೆಂಡು ಹಿಂದೆ, ಶಾರ್ಜಾದವರು ಇಪ್ಪತ್ತು ಸೆಕೆಂಡು ಹಿಂದೆ ಇರಬಹುದು. ಇವರೆಲ್ಲರ ಚಪ್ಪಾಳೆಯನ್ನು ಬಂದ ಹಾಗೆ ಬಯಲಿನ ಸ್ಪೀಕರಿಗೆ ಬಿಟ್ಟರೆ ಅದು ಚಪ್ಪಾಳೆಯಾಗುವುದಿಲ್ಲ, ಹಂಚಿನ ಮಾಡಿನ ಮೇಲೆ ಬಿಟ್ಟು ಬಿಟ್ಟು ಬೀಳುವ ಮಳೆಯಾಗುತ್ತದೆ.

ಜಗತ್ತಿನಲ್ಲಿ ಇದಕ್ಕೆ ತಲೆ ಕೊಟ್ಟವರು ಇಲ್ಲದಿಲ್ಲ. ಜಪಾನಿನಲ್ಲಿ 2006ರಲ್ಲಿ ಶುರುವಾದ ನಿಕೊನಿಕೊ ಎಂಬ ವಿಡಿಯೊ ತಾಣದಲ್ಲಿ ನೋಡುಗರು ಬರೆದದ್ದು ಚಿತ್ರದ ಮೇಲೆಯೇ ಅಡ್ಡಲಾಗಿ ಹರಿಯುತ್ತದೆ. ಅದೇ ಸಂಸ್ಥೆ 2011ರಲ್ಲಿ ಟೋಕಿಯೊದ ರೊಪ್ಪೊಂಗಿಯಲ್ಲಿ ನಿಕೊಫಾರೆ ಎಂಬ ಸಭಾಂಗಣ ತೆರೆಯಿತು. ಅದರ ಗೋಡೆಗಳೂ ಮಾಡೂ ಎಲ್‌ಇಡಿ ಪರದೆಗಳಾಗಿದ್ದವು. ಮನೆಯಲ್ಲಿ ಕೂತವರು ಬರೆದ ಮಾತುಗಳು ಹಾಡುಗಾರನ ಸುತ್ತ ಗೋಡೆಯ ಮೇಲೆ ಹರಿಯುತ್ತಿದ್ದವು. ದೂರದವರಿಗೆ ಸಭೆಯೊಳಗೆ ಒಂದು ಗೋಡೆ ಬಿಟ್ಟುಕೊಟ್ಟ ಹಾಗೆ.

ಆಮೇಲೆ 2020ರ ಕೊರೊನಾ. ಖಾಲಿ ಮೈದಾನದಲ್ಲಿ ಆಡಬೇಕಾದಾಗ ಎಲ್ಲರಿಗೂ ಸಭೆಯ ಬೆಲೆ ಗೊತ್ತಾಯಿತು. ಆ ಮೇ ತಿಂಗಳಲ್ಲಿ ಯಮಹಾ ಕಂಪನಿ ಜಪಾನಿನ ಶಿಜುವೊಕಾದ 50,000 ಆಸನಗಳ ಮೈದಾನದಲ್ಲಿ 58 ಸ್ಪೀಕರುಗಳನ್ನಿಟ್ಟು ಒಂದು ಪರೀಕ್ಷೆ ಮಾಡಿತು. ಮನೆಯಲ್ಲಿ ಫುಟ್‌ಬಾಲ್ ಅಭಿಮಾನಿ ಫೋನಿನಲ್ಲಿ ಚಪ್ಪಾಳೆಯ ಗುಂಡಿ ಒತ್ತಿದರೆ ಮೈದಾನದಲ್ಲಿ ಚಪ್ಪಾಳೆ ಕೇಳುತ್ತದೆ. ಹುರಿದುಂಬಿಸುವುದಕ್ಕೂ ಛೀಮಾರಿಗೂ ಬೇರೆ ಬೇರೆ ಗುಂಡಿ. ಅದೇ ಮೇ ಕೊನೆಯಲ್ಲಿ ಡೆನ್ಮಾರ್ಕಿನ ಆರ್ಹುಸ್ ಕ್ಲಬ್ಬು ಝೂಮ್ ಮೂಲಕ ಅಭಿಮಾನಿಗಳ ಮುಖಗಳನ್ನು ಮೈದಾನದ ಬದಿಯ ದೊಡ್ಡ ಪರದೆಗಳಿಗೆ ತಂದಿತು. ಜುಲೈಯಿಂದ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಆಟಗಳಲ್ಲಿ 17 ಅಡಿ ಎತ್ತರದ ಪರದೆಗಳ ಮೇಲೆ ಪ್ರತಿ ಪಂದ್ಯಕ್ಕೆ 300ಕ್ಕೂ ಹೆಚ್ಚು ಅಭಿಮಾನಿಗಳು ಕೂತ ಹಾಗೆ ಕಂಡರು. ನಮ್ಮ ಐಪಿಎಲ್ ಆ ವರ್ಷ ಯುಎಇಗೆ ಹೋದಾಗ ಬೇರೆ ದಾರಿ ಹಿಡಿಯಿತು: ಮೊದಲೇ ಮುದ್ರಿಸಿಟ್ಟ ಜನರ ಗದ್ದಲವನ್ನು ಚೆಂಡಿಗೆ ತಕ್ಕಂತೆ ಹಾಕಿದರು. ಅದು ಹಳೆಯ ವಿದ್ಯೆ. ಅಮೆರಿಕದ ಟಿವಿಗಾಗಿ ಚಾರ್ಲ್ಸ್ ಡಗ್ಲಸ್ ಎಂಬ ತಂತ್ರಜ್ಞ 1950ರ ದಶಕದಲ್ಲೇ ನಗುವಿನ ಪೆಟ್ಟಿಗೆ ಕಟ್ಟಿದ್ದ.

ಈ ಎರಡು ದಾರಿಯ ನಡುವೆ ಒಂದು ಗೆರೆ ಎಳೆದುಕೊಳ್ಳೋಣ. ನಗುವಿನ ಪೆಟ್ಟಿಗೆ ಇರದವರನ್ನು ಇದ್ದಾರೆಂದು ನಂಬಿಸುತ್ತದೆ. ಗುಂಡಿ ಒತ್ತಿದರೆ ಬರುವ ಶಬ್ದವೂ ಮುದ್ರಿಸಿಟ್ಟದ್ದೇ ಇರಬಹುದು, ಆದರೆ ಆ ಕಡೆ ಒತ್ತಿದ ಒಂದು ಬೆರಳು ಇದೆ. ನಾವು ಕೇಳಬೇಕಾದದ್ದು ಆ ಬೆರಳನ್ನು.

ಈಗ ಊರಿಗೆ ಬರೋಣ. ಮೊದಲು ಕೋಣಗಳ ಓಟದ ಕಂಬಳ. 2020ರ ಫೆಬ್ರುವರಿ ಒಂದರಂದು ಐಕಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕರೆಯೆಂಬ 142.5 ಮೀಟರಿನ ಕೆಸರು ಓಟದ ದಾರಿಯನ್ನು 13.62 ಸೆಕೆಂಡಿನಲ್ಲಿ ಓಡಿ ಜಗತ್ತಿನ ಸುದ್ದಿಯಾದರು. ಅದೇ ತಿಂಗಳು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಸಿದರು. 18 ಸೆಕೆಂಡು ತಡದ ಲೈವಿನಲ್ಲಿ ನೋಡುವವನಿಗೆ ಕೋಣಗಳು ಓಟ ಶುರುವಾಗುವ ಗಂತಿನಲ್ಲಿ ಕೊಂಬು ಆಡಿಸುತ್ತಿರುವಾಗ ಇಲ್ಲಿ ಅವು ಓಟ ಮುಗಿಯುವ ಮಂಜೊಟ್ಟಿ ಹತ್ತಿಯಾಗಿದೆ. ಅವನು ಕೂಗಿದ್ದು ಓಡುವವನ ಕಾಲಿಗೆ ಬಲ ಕೊಡುವುದು ಅಸಾಧ್ಯ. ತಡವನ್ನು ಒಂದು ಸೆಕೆಂಡಿಗೆ ಇಳಿಸಿದಿರಿ ಎನ್ನಿ, ಆಗಲೂ ಪ್ರಯೋಜನವಿಲ್ಲ. ಓಡಿಸುವವನಿಗೆ ಆ ಹದಿಮೂರು ಸೆಕೆಂಡು ಕೆಸರಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಗಂತಿನಲ್ಲಿ ನಿಂತ ಕೋಣಕ್ಕಂತೂ ಸ್ಪೀಕರಿನ ಹೊಸ ಗದ್ದಲ ಬೇಡವೇ ಬೇಡ. ಅದನ್ನು ಸುಮ್ಮನೆ ನಿಲ್ಲಿಸುವುದಕ್ಕೇ ನಾಲ್ಕು ಜನ ಜೋತುಬಿದ್ದಿರುತ್ತಾರೆ.

ಆದರೆ ಕಂಬಳಕ್ಕೆ ಬೇರೊಂದು ಕಾಲವೂ ಇದೆ. ಓಟ ಹದಿಮೂರು ಸೆಕೆಂಡು. ಒಂದು ಓಟಕ್ಕೂ ಮುಂದಿನದಕ್ಕೂ ನಡುವೆ ನಿಮಿಷಗಟ್ಟಲೆ ಬಿಡುವು. ಜೋಡಿ ಇಳಿಯಬೇಕು, ಗಂತಿಗೆ ಬರಬೇಕು, ತಿರುಗಿಸಿ ನಿಲ್ಲಿಸಬೇಕು. ಲೇಸರ್ ಹಿಡಿದ ಸಮಯವನ್ನು ಫಲಕದಲ್ಲಿ ತೋರಿಸುವುದು, ವೀಕ್ಷಕ ವಿವರಣೆಯವರು ಯಜಮಾನರ ಹೆಸರು, ಕೋಣಗಳ ಹೆಸರು ಹೇಳುವುದು ಆ ಬಿಡುವಿನಲ್ಲೇ. ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆ ವಿಭಾಗದಲ್ಲಿ ನೀರು ನಿಶಾನೆಗೆ ಚಿಮ್ಮಿತೋ ಇಲ್ಲವೋ ಎಂದು ತೀರ್ಪುಗಾರರು ಹೇಳುವ ತನಕ ಇಡೀ ಕರೆ ಬಾಯಿ ಬಿಟ್ಟು ಕಾಯುತ್ತದೆ. ದೂರದವರ ಸಂಭ್ರಮಕ್ಕೆ ಜಾಗ ಅಲ್ಲಿದೆ. ಮೂಡುಬಿದಿರೆಯ ಕಡಲಕೆರೆಯಲ್ಲಿ ಫಲಿತಾಂಶ ತೋರಿಸುವ ಫಲಕದಲ್ಲೇ ಇನ್ನೊಂದು ಸಾಲು ಕಲ್ಪಿಸಿಕೊಳ್ಳಿ: ಈ ಓಟಕ್ಕೆ ಹೊರ ಊರುಗಳಲ್ಲಿ ಎದ್ದು ಕೂಗಿದವರು ಇಷ್ಟು. ಮೈಯೆಲ್ಲ ಕೆಸರಾಗಿ ಮಂಜೊಟ್ಟಿಯಲ್ಲಿ ಉಸಿರು ಬಿಡುತ್ತ ನಿಂತವನು ತಲೆಯೆತ್ತಿ ನೋಡುವುದು ಆ ಹೊತ್ತಿನಲ್ಲೇ. ಇಪ್ಪತ್ತು ಸೆಕೆಂಡು ತಡವಾದ ಚಪ್ಪಾಳೆ ಅವನಿಗೆ ಸರಿಯಾದ ಸಮಯಕ್ಕೇ ಮುಟ್ಟಿದ ಹಾಗಾಯಿತು.

ಇದರಲ್ಲಿ ಒಂದು ಸೂತ್ರ ಅಡಗಿದೆ. ಕ್ಷಣದ ಬೆನ್ನು ಹತ್ತಬೇಡಿ, ಬಿಡುವಿಗೆ ಕಾಯಿರಿ. ತಾಂತ್ರಿಕವಾಗಿ ಇದು ಸುಲಭ. ನೋಡುಗ ಗುಂಡಿ ಒತ್ತಿದಾಗ 'ಒತ್ತಿದ' ಎಂಬ ಸುದ್ದಿಯ ಜೊತೆಗೆ ಆ ಗಳಿಗೆಯಲ್ಲಿ ಅವನ ಪರದೆಯ ಮೇಲೆ ಯಾವ ದೃಶ್ಯ ಇತ್ತು ಎಂಬ ಗುರುತನ್ನೂ ಕಳಿಸಬೇಕು. ಆಗ ಅಂಧೇರಿಯ ಏಳು ಸೆಕೆಂಡೂ ಶಾರ್ಜಾದ ಇಪ್ಪತ್ತು ಸೆಕೆಂಡೂ ಒಂದೇ ದೃಶ್ಯದ ಲೆಕ್ಕಕ್ಕೆ ಬೀಳುತ್ತವೆ. ಎಲ್ಲವನ್ನೂ ಕೂಡಿಸಿ ಮುಂದಿನ ಬಿಡುವಿನಲ್ಲಿ ಒಟ್ಟಿಗೆ ಒಪ್ಪಿಸಿದರಾಯಿತು. ಚಪ್ಪಾಳೆ ತಡವಾಗಿ ಬಂದರೂ ಒಟ್ಟಾಗಿ ಬರುತ್ತದೆ.

ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ನಂಥ ದೊಡ್ಡ ಬಯಲು ರಂಗದ ಸಂಗೀತ, ನೃತ್ಯಗಳಿಗೆ ಈ ಏರ್ಪಾಡು ಇನ್ನೂ ಸಲೀಸು. ಹಾಡು ಮುಗಿದ ಮೇಲೆ ಚಪ್ಪಾಳೆಗೆಂದೇ ಕಲಾವಿದರು ನಿಲ್ಲುತ್ತಾರೆ. ಹಿಂದಿನವರಿಗೆ ಕಾಣಲೆಂದು ದೊಡ್ಡ ಪರದೆ ಹಾಕುವ ಕಡೆ ಅದರ ಅಂಚಿನಲ್ಲಿ ದೂರದವರಿಗೂ ಒಂದು ಪಟ್ಟಿ ಕೊಡಬಹುದು. ಆದರೆ ಅಲ್ಲಿ ಏನನ್ನು ತೋರಿಸುತ್ತೇವೆ ಎನ್ನುವುದು ಮುಖ್ಯ. ನಮ್ಮೂರ ಕಡೆಯ ಒಂದು ಸಂಗೀತ ಕಾರ್ಯಕ್ರಮದಲ್ಲಿ — ಎಲ್ಲಿ ಎನ್ನುವುದು ಬೇಡ — ಲೈವಿನ ಕೆಳಗೆ ಜನ ಬರೆಯುತ್ತಿದ್ದದ್ದನ್ನು ನೇರವಾಗಿ ವೇದಿಕೆಯ ಪಕ್ಕದ ಪರದೆಗೆ ಬಿಟ್ಟಿದ್ದರು. ಗಾಯಕಿ ಆಲಾಪದಲ್ಲಿ ಕಣ್ಣು ಮುಚ್ಚಿದ್ದರು. ಪರದೆಯಲ್ಲಿ ಮೊದಲು ಸಾಲು ಸಾಲು ಹೂವು, ಕೈಮುಗಿದ ಚಿತ್ರ. ಆಮೇಲೆ "ಹಾಯ್ ಫ್ರಮ್ ಕುವೈಟ್". ಆಮೇಲೆ "ಸೌಂಡ್ ಬರ್ತಾ ಇಲ್ಲ". ಅದರ ಹಿಂದೆಯೇ ಹತ್ತು ಸೆಂಟ್ಸ್ ಜಾಗ ಮಾರಾಟಕ್ಕಿದೆ ಎಂದು ಫೋನ್ ನಂಬರು ಸಮೇತ. ಸಭೆ ಗೊಳ್ಳೆಂದಿತು. ಗಾಯಕಿ ಕಣ್ಣು ತೆರೆದು ತಮ್ಮ ಸೆರಗು ಸರಿಮಾಡಿಕೊಂಡರು, ಏನೋ ಆಗಿದೆ ಎಂದು. ಆ ಆಲಾಪ ಮತ್ತೆ ಕೂಡಲಿಲ್ಲ.

ಬರಹಕ್ಕೆ ಕಾವಲುಗಾರ ಬೇಕು, ಮುಖಕ್ಕೆ ಒಪ್ಪಿಗೆ ಬೇಕು. ಎನ್‌ಬಿಎ ಮಾಡಿದಂತೆ ಮನೆಮನೆಯ ಕ್ಯಾಮರಾ ತೆರೆದು ಪರದೆಗೆ ಬಿಟ್ಟರೆ ಯಾರದೋ ಒಳಮನೆ, ಮಲಗಿದ ಮಗು ಊರ ಮುಂದೆ ಬರುತ್ತದೆ. ಧ್ವನಿಗೆ ಇನ್ನೊಂದು ಕಾಟ. ದೂರದವರ ನಗುವನ್ನು ಬಯಲಿನ ಸ್ಪೀಕರಿಗೆ ಬಿಟ್ಟರೆ ಅದನ್ನು ರಂಗದ ಮೈಕು ಹಿಡಿಯುತ್ತದೆ, ಲೈವಿನಲ್ಲಿ ಅದು ಪುನಃ ಅವರಿಗೇ ಹೋಗುತ್ತದೆ. ತಾನು ನಕ್ಕ ನಗು ಅರ್ಧ ನಿಮಿಷ ಬಿಟ್ಟು ತನ್ನನ್ನೇ ಅಣಕಿಸಿದಂತೆ ಕೇಳಿದರೆ ಯಾರು ಎರಡನೇ ಸಲ ನಗುತ್ತಾರೆ? ಧ್ವನಿವರ್ಧಕದವರ ಬಳಿ ಇದಕ್ಕೆ ಮದ್ದಿದೆ. ಹೊರಗಿನಿಂದ ಬಂದದ್ದನ್ನು ಕಳೆದು ಉಳಿದದ್ದನ್ನು ಮಾತ್ರ ಹೊರಗೆ ಕಳಿಸುವ ಈ ಜೋಡಣೆಗೆ ಮಿಕ್ಸ್ ಮೈನಸ್ ಎನ್ನುತ್ತಾರೆ. ಆಕಾಶವಾಣಿ, ಟಿವಿಯವರು ಫೋನ್ ಕರೆ ತೆಗೆದುಕೊಳ್ಳುವಾಗ ಮಾಡುವುದು ಇದನ್ನೇ. ಆದರೆ ಅದು ತಂತಿಯ ದಾರಿಯನ್ನು ಮಾತ್ರ ಕಡಿಯುತ್ತದೆ. ಗಾಳಿಯಲ್ಲಿ ಸ್ಪೀಕರಿನಿಂದ ಮೈಕಿಗೆ ಹೋಗುವುದನ್ನು ತಡೆಯಲು ಸ್ಪೀಕರಿನ ಮುಖ ತಿರುಗಿಸಬೇಕು, ದನಿ ತಗ್ಗಿಸಬೇಕು. ಚೆಂಡೆಯ ಮೈಕು ಇರುವ ಕಡೆ ಅದೂ ಕಷ್ಟ.

ಇಷ್ಟೆಲ್ಲ ಮಾಡಿದರೂ ಬಯಲಾಟದ ಮುಂದೆ ಈ ವಿದ್ಯೆ ಒಂದು ಗಳಿಗೆ ತಬ್ಬಿಬ್ಬಾಗಿ ನಿಲ್ಲುತ್ತದೆ. ಕಾರಣ, ನಮ್ಮ ಸಭೆ ಚಪ್ಪಾಳೆಯಲ್ಲಿ ಮಾತಾಡುವುದು ಕಡಿಮೆ. ಮಹಿಷ ಬರುವಾಗ ಬೊಬ್ಬೆ, ಹಾಸ್ಯಕ್ಕೆ ನಗು, ಭಾಗವತರ ಪದ ಏರಿದಾಗ ಸಿಳ್ಳೆ, ಇವು ಉಂಟು. ಉಳಿದ ಹೊತ್ತು ಸಭೆ ಮೌನದಲ್ಲೇ ಎಲ್ಲವನ್ನೂ ಹೇಳುತ್ತದೆ. ಒಳ್ಳೆಯ ಮಾತಿಗೆ ಬೀಡಿ ಹಚ್ಚಲು ಹೋದ ಕೈ ಅರ್ಧಕ್ಕೆ ನಿಲ್ಲುತ್ತದೆ. ಮಾತು ಹಳಸಿದರೆ ಚುರುಮುರಿ ಗಾಡಿಯ ಮುಂದೆ ಜನ ಕೂಡುತ್ತಾರೆ. ಭಾಗವತರು ಕೂತಲ್ಲಿಂದ ಇದೆಲ್ಲ ಅವರಿಗೆ ಕಾಣುತ್ತದೆ. ಆಟವನ್ನು ನಡೆಸುವವರು ಅವರೇ. ಎಲ್ಲಿ ಪದ ಎಳೆಯಬೇಕು, ಎಲ್ಲಿ ಸೂಚಿಸಿ ಮಾತು ಕತ್ತರಿಸಬೇಕು ಎನ್ನುವುದನ್ನು ಅವರು ಸಭೆಯ ಮುಖ ನೋಡಿಯೇ ತೀರ್ಮಾನಿಸುತ್ತಾರೆ. ಮೌನಕ್ಕೆ ಯಾವ ಕಂಪನಿ ಗುಂಡಿ ಮಾಡಿದೆ?

ತಾಳಮದ್ದಳೆಯಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ಅರ್ಥಧಾರಿಗಳು ಸಭೆಯಿಲ್ಲದ ಕೋಣೆಯಲ್ಲಿ ಅರ್ಥ ಹೇಳಲು ಕಲಿತರು. ಕೇಳುಗರ ಮೆಚ್ಚುಗೆ ಪೋಸ್ಟ್ ಕಾರ್ಡಿನಲ್ಲಿ ಬರುತ್ತಿತ್ತು. ತಡ ಸೆಕೆಂಡಿನದಲ್ಲ, ವಾರದ್ದು. 2020ರ ಮಾರ್ಚಿನಲ್ಲಿ ಪತ್ತನಾಜೆಗೆ ಎರಡು ತಿಂಗಳು ಮೊದಲೇ ಮೇಳಗಳ ತಿರುಗಾಟ ನಿಂತಾಗ ಕಾಸರಗೋಡಿನ ಸಿರಿಬಾಗಿಲು ವೆಂಕಪ್ಪಯ್ಯ ಸಾಂಸ್ಕೃತಿಕ ಪ್ರತಿಷ್ಠಾನ ಕೊರೊನಾ ಜಾಗೃತಿಯ ಯಕ್ಷಗಾನವನ್ನೇ ಆಡಿಸಿ ಅಂತರ್ಜಾಲಕ್ಕೆ ಹಾಕಿತು. ಆ ಮಳೆಗಾಲದಲ್ಲಿ ಮನೆ ಚಾವಡಿಗಳಿಂದ ಎಷ್ಟೋ ತಾಳಮದ್ದಳೆ ಲೈವ್ ಆದವು. ನನ್ನ ಪರಿಚಯದ ಅರ್ಥಧಾರಿಯೊಬ್ಬರು ಆಗ ಹೇಳಿದ್ದು ನೆನಪಿದೆ: "ಎದುರಾಳಿ ಉತ್ತರ ಕೊಡ್ತಾನೆ, ಅದು ತೊಂದರೆ ಇಲ್ಲ. ಎದುರು ಕೂತ ಅಜ್ಜ ತಲೆ ಆಡಿಸುವುದಿಲ್ಲ ನೋಡಿ, ಅದಕ್ಕೆ ನನಗೆ ಮಾತು ಎಲ್ಲಿ ನಿಲ್ಲಿಸುವುದೆಂದೇ ಗೊತ್ತಾಗುವುದಿಲ್ಲ."

ಆ ಅಜ್ಜನ ತಲೆಯಾಟವನ್ನು ಶಾರ್ಜಾದಿಂದ ತರುವುದು ಹೇಗೆ? ಮುಖ ನೋಡಿ ಮನಸ್ಸು ಹೇಳುವ ಯಂತ್ರಗಳ ಮಾತು ಈಗ ಜೋರಾಗಿದೆ. ನನಗೆ ಅದರಲ್ಲಿ ಆಸೆಯಿಲ್ಲ. ಲೈವಿನ ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಇರುವ ಒಂದು ಅಂಕಿಯೇ ಸಾಕು. ಪರದೆಯ ಮೂಲೆಯಲ್ಲಿ, ಈ ಹೊತ್ತಿಗೆ ಎಷ್ಟು ಜನ ನೋಡುತ್ತಿದ್ದಾರೆ ಎಂಬ ಲೆಕ್ಕ. ಅದನ್ನು ನಾವು ಜನಪ್ರಿಯತೆಯ ಲೆಕ್ಕವಾಗಿ ಮಾತ್ರ ಓದುತ್ತೇವೆ. ಮಹಿಷ ಬರುವಾಗ ಎಷ್ಟಿತ್ತು ಎಂದು ಹೇಳಿಕೊಂಡು ಬೀಗುತ್ತೇವೆ. ಅದನ್ನು ಬೇರೆ ರೀತಿ ಓದಬೇಕು: ಏರಿದಾಗಲ್ಲ, ಇಳಿಯದೆ ನಿಂತಾಗ. ಬಯಲಾಟದಲ್ಲಿ ಸಭೆ ಕೊಡುವ ದೊಡ್ಡ ಮರ್ಯಾದೆ ಎದ್ದು ಹೋಗದೇ ಇರುವುದು. ಈಗ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ, ಆದರೂ ಕೊನೆಯ ಅರ್ಧ ಗಂಟೆಗೆ ಖಾಲಿ ಕುರ್ಚಿ ಎಷ್ಟು ಎನ್ನುವುದೇ ಆಟದ ಮಾರ್ಕು. ದೂರದವನಿಗಂತೂ ಎದ್ದು ಹೋಗುವುದು ಬಹಳ ಸುಲಭ, ಬೆರಳು ಸರಿಸಿದರೆ ಮುಗಿಯಿತು. ನೆರೆಯವರು ನೋಡುತ್ತಾರೆ ಎಂಬ ದಾಕ್ಷಿಣ್ಯವಿಲ್ಲ, ಕತ್ತಲಲ್ಲಿ ಬ್ಯಾಟರಿ ಹಿಡಿದು ಗುಡ್ಡ ಹತ್ತಬೇಕೆಂಬ ಸೋಮಾರಿತನವೂ ಅಡ್ಡ ಬರುವುದಿಲ್ಲ. ಅಂಥವನು ಉಳಿದಿದ್ದರೆ ಅವನ ಮೌನಕ್ಕೆ ಬೆಲೆ ಹೆಚ್ಚು.

ಆದ್ದರಿಂದ ಬಯಲಾಟಕ್ಕೆ ಸ್ಪೀಕರೂ ಬೇಡ, ಮುಖಗಳ ಗೋಡೆಯೂ ಬೇಡ. ಸಭೆಗೆ ಕಾಣದಂತೆ, ಭಾಗವತರ ಕಣ್ಣಿಗೆ ಮಾತ್ರ ಬೀಳುವಂತೆ ರಂಗದ ಬದಿಯಲ್ಲಿ ಒಂದು ಸಣ್ಣ ದೀಪ ಸಾಕು. ದೂರದಲ್ಲಿ ಉಳಿದವರು ಉಳಿದಷ್ಟು ಹೊತ್ತು ಉರಿಯಲಿ, ಜನ ಚದುರಿದರೆ ಮಂಕಾಗಲಿ. ಸೆಕೆಂಡುಗಳ ತಡ ಇದಕ್ಕೆ ಲೆಕ್ಕವೇ ಅಲ್ಲ, ಏಕೆಂದರೆ ಉಳಿಯುವುದು ಕ್ಷಣದ ಕೆಲಸವಲ್ಲ. ಪದಕ್ಕೂ ಅರ್ಥಕ್ಕೂ ನಡುವೆ ಭಾಗವತರು ಒಮ್ಮೆ ಆ ಕಡೆ ಕಣ್ಣು ಹಾಯಿಸಿದರೆ ಗದ್ದೆಯ ಸಭೆಗೆ ಇನ್ನೊಂದು ಸಾಲು ಸೇರಿತು. ಒಂದೇ ಎಚ್ಚರ, ದೀಪಕ್ಕಾಗಿ ಆಡಬಾರದು. ಫೋನಿನವರಿಗೆ ರುಚಿಸಲೆಂದು ಮಾತು ಕಡಿದು ಕುಣಿತ ಹೆಚ್ಚಿಸುತ್ತ ಹೋದರೆ, ಚಾಪೆಯ ಮೇಲೆ ಕೂತು ಬೆಳಗು ಮಾಡುವ ಅಜ್ಜನಿಗೆ ಮೋಸ. ಕೊನೆಯ ಮಾತು ಗದ್ದೆಯದ್ದೇ ಆಗಿರಲಿ.

ಆ ದಿನದ್ದು ಪೂರ್ಣ ರಾತ್ರಿಯ ಆಟ. ನಾಲ್ಕರ ಹೊತ್ತಿಗೆ ರಕ್ತಬೀಜನ ಮಾತು ನಡೆಯುತ್ತಿತ್ತು. ಗದ್ದೆಯಲ್ಲಿ ಮಂಜು ಇಳಿದು ಕುರ್ಚಿಗಳು ಒದ್ದೆ. ಮುಕ್ಕಾಲು ಸಭೆ ಹೋಗಿತ್ತು, ಉಳಿದವರಲ್ಲೂ ಅರ್ಧ ನಿದ್ದೆ. ವೇಷಧಾರಿ ಮಾತ್ರ ಒಂದು ಕೂದಲೆಳೆಯೂ ತಗ್ಗಿಸದೆ ಅರ್ಥ ಹೇಳುತ್ತಿದ್ದರು. ಜನರೇಟರಿನ ಪಕ್ಕ ಪ್ಲಾಸ್ಟಿಕ್ ಮೇಜಿನ ಮುಂದೆ ಲೈವಿನ ಹುಡುಗ ಮಫ್ಲರ್ ಸುತ್ತಿಕೊಂಡು ಕೂತಿದ್ದ. ಚಳಿ ಕಳೆಯಲು ನಾನು ಅಲ್ಲಿಗೆ ಹೋದೆ. "ಈಗ ಯಾರು ನೋಡ್ತಾರೆ ಮಾರಾಯ, ಇನ್ನು ನಿಲ್ಲಿಸಬಹುದಲ್ಲ" ಎಂದೆ. ಅವನು ಮಾತಾಡದೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಎರಡು ಬಸ್ಸು ತುಂಬುವಷ್ಟು ಜನ ಇದ್ದರು. ಮಹಿಷ ಬಂದಾಗ ಇದ್ದವರ ಒಂದು ಪಾಲು ಅಷ್ಟೇ, ಆದರೆ ಒಂದು ಗಂಟೆಯಿಂದ ಆ ಅಂಕಿ ಹೆಚ್ಚುಕಡಿಮೆ ಅಲ್ಲಾಡಿರಲಿಲ್ಲ. ಶಾರ್ಜಾದಲ್ಲಿ ಆಗ ಎರಡೂವರೆ. ನಮ್ಮ ಭಾವನ ಕರೆ ಯಾವಾಗಲೋ ಕಡಿದುಹೋಗಿತ್ತು. ಮಕ್ಕಳು ಮಲಗಿರಬೇಕು ಅಂದುಕೊಂಡಿದ್ದೆ, ಭಾವನೂ ಕೂಡ. ಬೆಳಿಗ್ಗೆ ಅವರು ಕಳಿಸಿದ ಸಂದೇಶ ರಕ್ತಬೀಜನ ಬಗ್ಗೆಯೇ ಇತ್ತು.

ಮಂಗಳ ಹಾಡಿ ಮುಗಿದ ಮೇಲೆ ನಾನೂ ಆ ಹುಡುಗನೂ ಚೌಕಿಗೆ ಹೋದೆವು. ಕಿರೀಟ ಬಿಚ್ಚಿ ಪೆಟ್ಟಿಗೆಗೆ ಹೋಗಿತ್ತು. ರಕ್ತಬೀಜ ತೆಂಗಿನೆಣ್ಣೆ ಹಾಕಿ ಮುಖದ ಬಣ್ಣ ಉಜ್ಜುತ್ತಿದ್ದರು; ಕೆಂಪು ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಹುಡುಗ ಸಂಕೋಚದಿಂದಲೇ, "ಅಣ್ಣ, ನಿಮ್ಮ ಮಾತು ಮುಗಿಯುವ ತನಕ ಎರಡು ಬಸ್ಸು ಜನ ಇದ್ದರು, ಹೊರಗಿನವರು. ಯಾರೂ ಹೋಗಲಿಲ್ಲ" ಎಂದ. ಅವರು ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕನ್ನಡಿಯಲ್ಲಿ ಅವನನ್ನು ನೋಡಿದರು. ಅರ್ಧ ಮುಖ ರಕ್ಕಸನದ್ದು, ಅರ್ಧ ನಿದ್ದೆಗೆಟ್ಟ ಮನುಷ್ಯನದ್ದು.

"ಹೌದಾ," ಎಂದರು. "ನಾನು ಖಾಲಿ ಕುರ್ಚಿಗೆ ಹೇಳಿದೆ ಅಂದುಕೊಂಡಿದ್ದೆ."

ಮುಂದಿನ ಸಲ ಅವರಿಗೆ ಅದು ನಾಲ್ಕು ಗಂಟೆಗೇ ಗೊತ್ತಾಗಬೇಕು. ದೀಪ ಬರುವ ತನಕ ಕಾಯಬೇಕೆಂದಿಲ್ಲ. ಒಂದು ಚೀಟಿ, ಅದನ್ನು ಭಾಗವತರ ಕೈಗೆ ಮುಟ್ಟಿಸಲು ಒಬ್ಬ ಹುಡುಗ ಇದ್ದರೆ ಈ ತಂತ್ರಜ್ಞಾನ ಇವತ್ತು ರಾತ್ರಿಯೇ ಶುರುವಾಗಬಹುದು.